ಇಂಗಿತೋ, ಬತ್ತಿತೋ?

ಅರಸೀಕೆರೆಯಿಂದ ಹಾರನಹಳ್ಳಿ, ಜಾವಗಲ್ ಹಾದು ಹಳೇಬೀಡು, ಅಲ್ಲಿಂದ ಬೇಲೂರು. ಬಯಲುಸೀಮೆಯ ತೆಂಗಿನ ತೋಟಗಳಲ್ಲಿ ಹೊರಟ ದಾರಿ ಮಲೆನಾಡಿನ ಸೆರಗಿನಲ್ಲಿ ಮುಗಿಯುತ್ತದೆ. ಮಾತನಾಡುತ್ತಿರುವವರು ಇಬ್ಬರು: ಅರಸೀಕೆರೆ ಸೀಮೆಯ ತೆಂಗು ಬೆಳೆಗಾರರಾದ ಹಿರಿಯರೊಬ್ಬರು, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಅವರ ತಮ್ಮನ ಮಗಳು.

ಕಿರಿಯಳು: ದೊಡ್ಡಪ್ಪ, ದಾರಿ ಸಾಗೋವರೆಗೆ ನನಗೊಂದು ಸಹಾಯ ಮಾಡಿ. ಒಂಬತ್ತನೇ ತರಗತಿ ಮಕ್ಕಳ ಕೈಲಿ ಪದಕೋಶ ಮಾಡಿಸ್ತಿದ್ದೀನಿ. ಈ ವಾರ ‘ಕಡಿಮೆಯಾಗು’ ಅನ್ನೋ ಮಾತು. ಮಕ್ಕಳು ‘ಕಮ್ಮಿಯಾಗು’ ಅಂತ ಬರೆದು, ಕೆಳಗೆ ‘ಇಳಿಕೆ’ ಅಂತ ಸೇರಿಸಿ ನಿಲ್ಲಿಸಿದ್ದಾರೆ. ನಿಮಗೆ ಗೊತ್ತಿರೋದನ್ನ ಹೇಳಿ, ಬರ್ಕೋತೀನಿ.

ಹಿರಿಯರು: ಏನು ಕಡಿಮೆಯಾಗೋದು?

ಕಿರಿಯಳು: ಯಾವುದಾದರೂ ಸರಿ.

ಹಿರಿಯರು: ಹಾಗೆ ಬರೋದಿಲ್ಲ ಕಣಮ್ಮ. ಜ್ವರ ಆದರೆ ಇಳಿಯುತ್ತೆ. ಬಿಸಿಲಾದರೆ ತಗ್ಗುತ್ತೆ. ಬಣ್ಣ ಮಾಸುತ್ತೆ, ದನಿ ಉಡುಗುತ್ತೆ, ನೇಗಿಲ ಕುಳ ಸವೆಯುತ್ತೆ, ಬೆಲ್ಲ ಕರಗುತ್ತೆ, ಹೂವು ಬಾಡುತ್ತೆ, ಹಸು ಬಡಕಲಾಗುತ್ತೆ. ಜ್ವರ ಸವೀತು, ಕುಳ ಬಾಡ್ತು ಅಂತ ನಮ್ಮ ಸೀಮೇಲಿ ಯಾರೂ ಅನ್ನೋದಿಲ್ಲ.

ಕಿರಿಯಳು: ಒಂದೇ ಅರ್ಥಕ್ಕೆ ಇಷ್ಟೊಂದು ಮಾತು ಇರೋದು ಭಾಷೆಯ ಸಂಪತ್ತು ಅಂತ ಮಕ್ಕಳಿಗೆ ಹೇಳಬಹುದು.

ಹಿರಿಯರು: ಒಂದೇ ಅರ್ಥ ಅಂತ ಮಾತ್ರ ಹೇಳಬೇಡ. ಎಲ್ಲದರಲ್ಲೂ ಏನೋ ಹೋಗಿದೆ, ಅಷ್ಟು ಮಾತ್ರ ಸಮ. ಹೋದದ್ದು ಎಲ್ಲಿಗೆ, ಯಾರಿಂದ, ತಿರುಗಿ ಬರುತ್ತೋ ಇಲ್ಲವೋ ಅನ್ನೋದನ್ನ ಒಂದೊಂದು ಮಾತು ಒಂದೊಂದು ರೀತಿ ಹೇಳ್ತದೆ. ಜ್ವರ ಇಳೀತು ಅಂದರೆ ಮತ್ತೆ ಏರಬಹುದು, ರಾತ್ರಿ ಎಚ್ಚರವಾಗಿರಿ ಅಂತ. ಕುಳ ಸವೀತು ಅಂದರೆ ದುಡಿದು ಹೋಯ್ತು, ಇನ್ನು ಬರೋದಿಲ್ಲ, ಕಮ್ಮಾರನ ಹತ್ತಿರ ತಗೊಂಡು ಹೋಗು ಅಂತ. ಎರಡಕ್ಕೂ ‘ಕಡಿಮೆಯಾಯ್ತು’ ಅಂತ ಹೇಳಿದರೆ ಕೇಳಿದವನು ಏನು ಮಾಡಬೇಕು?

ಕಿರಿಯಳು: ಹಾಗಿದ್ದರೆ ನಿಮ್ಮ ಕಸುಬಿನಿಂದಲೇ ಶುರು ಮಾಡಿ.

ಹಿರಿಯರು: ನಮ್ಮ ಕಸುಬು ನಿಂತಿರೋದೇ ಕಡಿಮೆಯಾಗೋದರ ಮೇಲೆ. ಕರಾವಳಿಯವರು ಕಾಯಿ ಒಡೆದು, ಹೋಳು ಮಾಡಿ ಬಿಸಿಲಿಗೆ ಹಾಕ್ತಾರೆ; ಅದು ಎಣ್ಣೆ ಗಾಣಕ್ಕೆ. ಅರಸೀಕೆರೆ, ತಿಪಟೂರಿನ ಕಡೆಯ ನಾವು ಮಾಡೋದು ಉಂಡೆ ಕೊಬ್ಬರಿ. ಚೆನ್ನಾಗಿ ಬಲಿತ ಕಾಯನ್ನ ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಏರಿಸ್ತೀವಿ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ಪೂರ್ತಿ ವರ್ಷ. ಒಳಗಿನ ನೀರು ದಿನದಿನಕ್ಕೂ ಇಂಗುತ್ತೆ. ತಿರುಳು ಗಟ್ಟಿಯಾಗ್ತಾ ಒಳಕ್ಕೆ ಸರಿದು ಚಿಪ್ಪನ್ನ ಬಿಡ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಲ ತಿಂಗಳುಗಳಲ್ಲಿ ನೀರಿನ ಸದ್ದು. ಆಮೇಲೆ ಒಂದಷ್ಟು ಕಾಲ ಸದ್ದೇ ಇಲ್ಲ. ಕಡೆಗೆ ಲೊಟಲೊಟ. ಅದನ್ನ ಕೇಳಿದ ಮೇಲೇ ಸುಲಿಯೋದು.

ಕಿರಿಯಳು: ಅಲ್ಲಿ ಹೋದದ್ದು ನೀರು ಮಾತ್ರ. ತೂಕ ಇಳೀತು, ಸತ್ವ ಉಳೀತು.

ಹಿರಿಯರು: ಉಳೀತು ಅನ್ನೋದಕ್ಕಿಂತ ಒಂದೇ ಕಡೆ ಕೂಡಿಕೊಳ್ತು ಅನ್ನು. ಹಸಿ ಕಾಯಿ ಒಡೆದಿಟ್ಟರೆ ಮಾರನೇ ದಿನಕ್ಕೆ ಹಳಸುತ್ತೆ. ಉಂಡೆ ಕೊಬ್ಬರಿ ಲಾರಿ ಹತ್ತಿ ಉತ್ತರ ಹಿಂದೂಸ್ತಾನದ ತನಕ ಹೋಗ್ತದೆ. ಅಲ್ಲಿನ ಪೂಜೆಗೂ ಮದುವೆಗೂ ಅದೇ ಬೇಕು. ಅದಕ್ಕೇ ನಮಗೆ ‘ಇಂಗೋದು’ ಕೆಟ್ಟ ಮಾತಲ್ಲ, ಹದದ ಮಾತು. ಒಂದು ಎಚ್ಚರ ಇದೆ: ಆತುರಪಟ್ಟು, ನೀರು ಪೂರ್ತಿ ಇಂಗೋ ಮುಂಚೆ ಒಡೆದರೆ ಕೊಬ್ಬರಿ ಕೌಟಾಗುತ್ತೆ. ಕಡಿಮೆಯಾಗೋದು ಅರ್ಧಕ್ಕೆ ನಿಂತರೆ ಎರಡೂ ಇಲ್ಲ, ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ.

ಕಿರಿಯಳು: ನುಸಿ ಬಂದಾಗ ಕಾಯೆಲ್ಲ ಸಣ್ಣದಾಯ್ತಲ್ಲ, ಅದಕ್ಕೇನು ಅಂತಿದ್ದಿರಿ?

ಹಿರಿಯರು: ಕಾಯಿ ಮುರುಟಿತು ಅಂತಿದ್ದೆವು. 1990ರ ದಶಕದ ಕೊನೆಗೆ ಬಂತು ಅದು. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವ. ಎಳೆ ಕಾಯಿಯ ತೊಟ್ಟಿನಡಿ ಸೇರಿ ರಸ ಹೀರ್ತದೆ. ಕಾಯಿ ಬೆಳೀತಾ ಬೆಳೀತಾ ಮೈಯೆಲ್ಲ ಕಂದು ಬಿರುಕು, ಒಳಗೆ ತಿರುಳು ತೆಳು. ಒಂದು ಗೊನೆಯಲ್ಲಿ ಅಷ್ಟೇ ಕಾಯಿ ಇದ್ದರೂ ಕೈಗೆ ಸಿಗೋದು ಅರೆಬರೆ. ಇನ್ನೊಂದು ಅಣಬೆ ರೋಗ. ಅದರಲ್ಲಿ ಬೇರು ಕೊಳೀತದೆ, ಬುಡದಲ್ಲಿ ಕಂದು ರಸ ಸೋರ್ತದೆ, ಗರಿ ಒಂದೊಂದಾಗಿ ಜೋತು ಬೀಳ್ತದೆ, ಸುಳಿ ಸಣ್ಣಗಾಗ್ತಾ ಬರ್ತದೆ. ಅದಕ್ಕೆ ಮರ ಸೊರಗಿತು ಅಂತೀವಿ. ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಕಲಸಿ ಬುಡಕ್ಕೆ ಕೊಡಿ ಅಂತ ಹೇಳಿಕೊಡ್ತಾರೆ. ನೋಡು, ಮುರುಟಿತು ಅಂದರೆ ಹೊರಗಿನಿಂದ ಯಾರೋ ಹೊಡೆದಿದ್ದಾರೆ, ಮೇಲೆ ಹುಡುಕು. ಸೊರಗಿತು ಅಂದರೆ ಬುಡ ನೋಡು. ಮಾತೇ ಅರ್ಧ ಔಷಧ ಹೇಳ್ತದೆ.

ಕಿರಿಯಳು: ಮಗು ಸೊರಗಿದೆ ಅಂತಲೂ ಅಂತೀವಿ. ತೂಕ ಇಳಿದಿದೆ ಅಂದರೆ ತಕ್ಕಡಿಯ ಮಾತಾಯ್ತು. ಸೊರಗಿದೆ ಅಂದರೆ ಯಾರೋ ಅದನ್ನ ನೋಡಿಕೊಂಡಿಲ್ಲ ಅನ್ನೋದು ಸೇರಿಕೊಳ್ಳುತ್ತೆ. ಹಾಸ್ಟೆಲಿನಿಂದ ಬಂದ ಮಗಳನ್ನ ತಾಯಿ ಬಾಗಿಲಲ್ಲೇ ನೋಡಿ ‘ಎಷ್ಟು ಸೊರಗಿದ್ದೀಯೇ’ ಅಂದರೆ, ಅದು ಮಗಳಿಗೆ ಹೇಳಿದ್ದಲ್ಲ, ಹಾಸ್ಟೆಲಿಗೆ ಹೇಳಿದ್ದು. ಬೆಲೆಗೆ ಏನಂತೀರಿ?

ಹಿರಿಯರು: ಬೆಲೆ ಇಳೀತದೆ, ಬೀಳ್ತದೆ, ನೆಲ ಕಚ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ಕ್ಕೆ ಬೆಂಬಲ ಬೆಲೆ 12,100, ಮಾರುಕಟ್ಟೆ ಅದಕ್ಕಿಂತ ಬಹಳ ಮೇಲೆ. ಆಗ ಎಷ್ಟೋ ಮಂದಿಯ ಅಟ್ಟದಲ್ಲಿ ಕಾಯೇ ಇರಲಿಲ್ಲ. ಬೆಲೆ ಇಳಿದದ್ದು ಏರಬಹುದು, ಸೊರಗಿದ ಮರ ಏರೋದಿಲ್ಲವಲ್ಲ. ಸಾಕು, ಬೆಲೆಯ ಮಾತು ಬೇಡ.

ಕಿರಿಯಳು: ಅಲ್ಲಿ ನೋಡಿ, ರಾಗಿ ಹೊಲದಲ್ಲಿ ಹೆಂಗಸರು ಕಳೆ ಕೀಳ್ತಿದ್ದಾರೆ. ನನಗೆ ಬಹಳ ಇಷ್ಟದ ಮಾತು ಈ ‘ಕಳೆ’. ಹೊಲದ ಕಳೆ ಅಂದರೆ ಬೇಡದ ಹುಲ್ಲು. ಮುಖದ ಕಳೆ ಅಂದರೆ ಕಾಂತಿ. ಹತ್ತರಲ್ಲಿ ನಾಲ್ಕು ಕಳೆದರೆ ಆರು. ಹೊತ್ತು ಕಳೀತೀವಿ, ಹಣ ಕಳ್ಕೋತೀವಿ. ಚಂದ್ರನಿಗೆ ಹದಿನಾರು ಕಳೆ. ಕಾಂತಿಯ ಕಳೆ, ಚಂದ್ರನ ಕಳೆ ಸಂಸ್ಕೃತದ ‘ಕಲಾ’ದಿಂದ ಬಂದವು, ಹೊಲದ್ದು, ಲೆಕ್ಕದ್ದು ನಮ್ಮದೇ. ಬೇರೆ ಬೇರೆ ಬೇರಿನವು ಒಂದೇ ದನಿಯಲ್ಲಿ ಕೂತಿವೆ.

ಹಿರಿಯರು: ಕಳೆ ಕಳೆದರೆ ಬೆಳೆಗೆ ಕಳೆ ಬರ್ತದೆ, ಅಲ್ಲಿಗೆ ಮೂರೂ ಸೇರಿದವು. ಕಳೆ ಮಾತ್ರ ಅಲ್ಲ, ರಾಗಿಯ ಪೈರನ್ನೂ ಕಳೀಬೇಕು. ಒತ್ತಾಗಿ ಮೊಳೆತ ಹೊಲವನ್ನ ಹರಗಿ ತೆಳುವು ಮಾಡಿದರೇ ಉಳಿದ ಪೈರು ತೆಂಡೆ ಒಡೆಯೋದು. ಮೊದಲ ಸಲ ನೋಡೋರಿಗೆ ಬೆಳೆದ ಪೈರನ್ನ ಕೈಯಾರೆ ಹಾಳು ಮಾಡ್ತಿದ್ದಾರೆ ಅನ್ನಿಸ್ತದೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ನೋಡಿದರೆ ಗೊತ್ತಾಗ್ತದೆ.

ಕಿರಿಯಳು: ಚಂದ್ರನ ಕಳೆ ಅಂದಾಗ ನಮ್ಮ ಅರಸೀಕೆರೆಯ ಶಿವಾಲಯ ನೆನಪಾಯ್ತು. 1220ರಲ್ಲಿ ಕಟ್ಟಿದ್ದು, ಅಲ್ಲಿಯ ಈಶ್ವರನನ್ನ ಚಂದ್ರಮೌಳೀಶ್ವರ ಅಂತಾರೆ. ಮುಂದಿನ ಮಂಟಪಕ್ಕೆ ನಕ್ಷತ್ರದ ಹಾಗೆ ಹದಿನಾರು ಮೂಲೆ. ಚಂದ್ರನ ಹದಿನಾರು ಕಳೆಗೆ ಅಂತಲೇ ಹಾಗೆ ಕಟ್ಟಿದರು ಅಂತ ನಾನು ಹೇಳೋದಿಲ್ಲ, ಹೊಯ್ಸಳರ ಕಾಲದ ಶಿಲ್ಪಿಗಳಿಗೆ ನಕ್ಷತ್ರದ ತಳ ರೂಢಿಯಲ್ಲೇ ಇತ್ತು. ಆದರೂ ಆ ಮಂಟಪದಲ್ಲಿ ನಿಂತರೆ ನನಗೆ ದಕ್ಷನ ಶಾಪದ ಕಥೆಯೇ ಮನಸ್ಸಿಗೆ ಬರೋದು. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿ ಒಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ಮಾವನ ಶಾಪ: ಕ್ಷಯವಾಗು. ಶಿವ ಶಾಪವನ್ನ ಅಳಿಸಲಿಲ್ಲ, ಅದಕ್ಕೊಂದು ಮಿತಿ ಹಾಕಿದ. ಒಂದು ಪಕ್ಷ ಇಳಿ, ಒಂದು ಪಕ್ಷ ಏರು. ಪೂರ್ತಿ ಹೋಗೋದನ್ನ ಹೋಗಿ ಬರೋದನ್ನಾಗಿ ಮಾಡಿದ.

ಹಿರಿಯರು: ಹೋಗಿ ಬರೋದು ಅಂದೆ ನೋಡು, ಮನೆಯಿಂದ ಹೊರಡೋರು ಯಾರೂ ‘ಹೋಗ್ತೀನಿ’ ಅನ್ನೋದಿಲ್ಲ. ನಿಮ್ಮಜ್ಜಿ ಕಾಲದಲ್ಲಿ ಕಡಿಮೆಯ ಮಾತನ್ನೇ ಮನೆಯೊಳಗೆ ಬಿಟ್ಟುಕೊಳ್ತಿರಲಿಲ್ಲ. ದೀಪ ಆರಿಸು ಅಂತಿರಲಿಲ್ಲ, ದೀಪ ದೊಡ್ಡದು ಮಾಡು ಅನ್ನೋರು. ಬಳೆ ಒಡೆದರೆ ಬಳೆ ಹೆಚ್ಚಿತು. ತಾಳಿಯ ದಾರ ಕಿತ್ತರೆ ತಾಳಿ ಹೆಚ್ಚಿತು.

ಕಿರಿಯಳು: ಅದನ್ನ ನಾನು ಒಪ್ಪೋದು ಕಷ್ಟ ದೊಡ್ಡಪ್ಪ. ಒಡೆದದ್ದನ್ನ ಹೆಚ್ಚಿತು ಅಂತ ಕರೆದರೆ ಒಡೆದದ್ದು ಕಾಣದೆ ಹೋಗುತ್ತೆ. ಆ ಮಾತುಗಳು ಯಾರ ಬಾಯಿಗೆ ಬೀಗ ಹಾಕಿದವು? ಮುತ್ತೈದೆತನದ ಭಯದಲ್ಲಿ ಬದುಕಿದ ಹೆಂಗಸರ ಬಾಯಿಗೆ. ಬಳೆ ಒಡೆದದ್ದಕ್ಕೂ ಅಪಶಕುನ ಅನ್ನಿಸಿಕೊಳ್ಳಬೇಕಿತ್ತು ಅವರು. ಹೆದರಿಕೆಯಿಂದ ಹುಟ್ಟಿದ ಮಾತು ಅದು.

ಹಿರಿಯರು: ಹೆದರಿಕೆ ಇತ್ತು, ಇಲ್ಲ ಅನ್ನೋದಿಲ್ಲ. ವಿಧವೆಯಾದವರಿಗೆ ಆ ಮಾತು ಎಷ್ಟು ಚುಚ್ಚಿರಬೇಕು ಅನ್ನೋದನ್ನ ನಮ್ಮತ್ತೆಯನ್ನ ನೋಡಿ ಬಲ್ಲೆ. ದೀಪದ ಮಾತು ಮಾತ್ರ ನನಗೆ ಇರಲಿ ಅನ್ನಿಸ್ತದೆ. ಅದರಲ್ಲಿ ಯಾರನ್ನೂ ಕೀಳು ಮಾಡಿಲ್ಲ.

ಕಿರಿಯಳು: ದೀಪದ್ದು ಇರಲಿ. ಬರೆದುಕೊಂಡಿದ್ದೀನಿ. ತಾಳಿಯದ್ದನ್ನೂ ಬರೀತೀನಿ, ಅದರ ಪಕ್ಕ ನೀವು ಈಗ ಹೇಳಿದ್ದನ್ನೂ ಬರೀತೀನಿ.

ಹಿರಿಯರು: ಇವತ್ತಿನ ದಿನ ಮರೆಮಾಚೋ ಕೆಲಸವನ್ನ ಬೇರೆ ಮಾತುಗಳು ಮಾಡ್ತಿವೆ. ‘ಅಂತರ್ಜಲ ಕುಸಿತ’ ಅಂತ ಪೇಪರಿನಲ್ಲಿ ಬರೀತಾರಲ್ಲ. ಕುಸಿಯೋದು ಗೋಡೆ. ಮಳೆಗೆ ನೆನೆದು ತಾನಾಗಿ ಕುಸೀತದೆ. ಅಂತರ್ಜಲ ತಾನಾಗಿ ಕುಸೀತಾ? ನಾವು ಕೊರೆದೆವು, ಎತ್ತಿದೆವು. ನಾನೂ ಕೊರೆಸಿದ್ದೀನಿ, ಪಕ್ಕದವನೂ ಕೊರೆಸಿದ್ದಾನೆ. ಅವನದು ನನ್ನದಕ್ಕಿಂತ ಆಳ ಹೋದರೆ ನನ್ನದರ ನೀರು ಅವನ ಕಡೆ. ಬತ್ತಿತು ಅಂತೀವಿ. ಇಂಗಿತು ಅನ್ನೋದಿಲ್ಲ. ಇಂಗೋದು ಅಂದರೆ ನೀರು ಮಣ್ಣಿನೊಳಕ್ಕೆ ಹೋಯ್ತು, ಕೆಳಗೆ ಎಲ್ಲೋ ಇದೆ. ಅದಕ್ಕೇ ಇಂಗುಗುಂಡಿ ಅಂತ ಹೆಸರು. ಬತ್ತಿತು ಅಂದರೆ ಪಾತ್ರೆ ಬರಿದು.

ಕಿರಿಯಳು: ಇಲಾಖೆಯ ಭಾಷೆಯಲ್ಲೂ ಒಂದು ನೆಟ್ಟಗಿನ ಮಾತಿದೆ. ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಅರಸೀಕೆರೆ ‘ಅತಿಬಳಕೆ’ಯ ತಾಲ್ಲೂಕುಗಳ ಸಾಲಿಗೆ ಸೇರಿದ್ದುಂಟು. ವರ್ಷದಲ್ಲಿ ಭೂಮಿಗೆ ಸೇರೋದಕ್ಕಿಂತ ಹೆಚ್ಚು ನಾವು ಎತ್ತಿದ್ದೀವಿ ಅಂತ ಅರ್ಥ. ಕುಸಿತ ಅನ್ನೋದರಲ್ಲಿ ನಾವಿಲ್ಲ. ಅತಿಬಳಕೆ ಅನ್ನೋದರಲ್ಲಿ ಇದ್ದೀವಿ. ಅದಕ್ಕೇ ಲೆಕ್ಕದ ಭಾಷೆಯನ್ನ ನೀವು ಪೂರ್ತಿ ತಳ್ಳಿಹಾಕಬಾರದು. ಸಕಲೇಶಪುರದಲ್ಲಿ ಸುರಿಯೋ ಮಳೆಯ ಅರ್ಧವೂ ಅರಸೀಕೆರೆಗೆ ಬರೋದಿಲ್ಲ ಅನ್ನೋದನ್ನ ಮಳೆಮಾಪಕವೇ ಹೇಳಬೇಕು. ಅಲ್ಲಿ ‘ಕಡಿಮೆ’ ಅನ್ನೋ ಮಾತೇ ಸರಿ. ಎರಡನ್ನ ಒಂದೇ ಅಳತೆಗೆ ಹಿಡಿದಾಗ ಬೇರೆ ಮಾತು ಬೇಕಾಗೋದಿಲ್ಲ.

ಹಿರಿಯರು: ಅಳತೆಗೆ ಕಡಿಮೆ ಅನ್ನು, ಒಪ್ಪಿದೆ. ಎತ್ತಿನಹೊಳೆ ನೀರಿನ ಯೋಜನೆಯ ವಿಷಯದಲ್ಲಿ ಎರಡೂ ಕಡೆಯ ಮಾತು ಕೇಳು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ವರ್ಷಕ್ಕೆ 24 ಟಿಎಂಸಿ ನೀರು ಪೂರ್ವದ ಜಿಲ್ಲೆಗಳಿಗೆ ಅನ್ನೋದು ಯೋಜನೆ. ನಮ್ಮ ಕಡೆಯವರು ಕೆರೆ ತುಂಬುತ್ತೆ ಅಂತ ಕಾಯ್ತಾರೆ. ದಕ್ಷಿಣ ಕನ್ನಡದವರು ಆ ನೀರು ತಿರುಗಿಸಿದರೆ ನೇತ್ರಾವತಿ ಸೊರಗುತ್ತೆ ಅಂತ ಬೀದಿಗಿಳಿದರು. ನನಗೆ ನೀರು ಬೇಕು, ಸುಳ್ಳು ಹೇಳೋದಿಲ್ಲ. ಆದರೆ ಅವರು ಸೊರಗು ಅನ್ನೋ ಮಾತು ಆರಿಸಿಕೊಂಡದ್ದು ನನ್ನ ಮನಸ್ಸಿಗೆ ನಾಟಿತು. ಹೊಳೆಯ ಬುಡ ನೋಡಿ ಅಂತ ಕೇಳ್ತಿದ್ದಾರೆ ಅವರು.

ಕಿರಿಯಳು: ಹಳೇಬೀಡು ಬಂತು. ಕೆರೆ ಏರಿಯ ಮೇಲೆ ಹೋಗೋಣ.

ಹಿರಿಯರು: ಈ ಕೆರೆಯಿಂದಲೇ ಊರಿಗೆ ದೋರಸಮುದ್ರ ಅಂತ ಹೆಸರು. ರಾಜಧಾನಿಗಿಂತ ಕೆರೆ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಹೊಯ್ಸಳರು ಅಂಗಡಿಯ ಕಾಡಿನಿಂದ ಬೇಲೂರಿಗೆ, ಅಲ್ಲಿಂದ ಇಲ್ಲಿಗೆ ಬಂದರು. ಮಳೆ ಹೆಚ್ಚಿರೋ ಕಡೆಯಿಂದ ಮಳೆ ಕಡಿಮೆ ಇರೋ ಕಡೆಗೆ ನಡೆದು ದೊಡ್ಡವರಾದರು. ಈ ತಗ್ಗಿನಲ್ಲಿ ನೀರು ನಿಲ್ಲಿಸಿದ್ದರಿಂದ ಅದು ಆಯ್ತು. ‘ತಗ್ಗು’ ಬರ್ಕೋ. ಬಿಸಿಲು ತಗ್ಗಿತು ಅಂತೀವಿ, ತಲೆ ತಗ್ಗಿಸು ಅಂತೀವಿ, ಗುಂಡಿಗೂ ತಗ್ಗು ಅಂತೀವಿ. ನೆಲ ತಗ್ಗಿದ ಕಡೆಯೇ ಕೆರೆ.

ಕಿರಿಯಳು: ಆದರೆ ಈ ಕೆರೆಯೂ ಎಷ್ಟೋ ವರ್ಷ ಬರಿದಾಗಿ ಬಿದ್ದಿತ್ತಲ್ಲ.

ಹಿರಿಯರು: ಬಿದ್ದಿತ್ತು. ಹತ್ತಿರದಲ್ಲೇ ಯಗಚಿ ಹೊಳೆ ಹರೀತಾಳೆ, ಇಲ್ಲಿಗೆ ನೀರಿರಲಿಲ್ಲ. ಅವಳ ನೀರನ್ನ ರಣಘಟ್ಟದಿಂದ ಈ ಕೆರೆಗೆ ತನ್ನಿ ಅಂತ ಹಳೇಬೀಡಿನ ರೈತರು ಮಾಡಿದ ಹೋರಾಟ ಸಣ್ಣದಲ್ಲ. ಕೆರೆಗೆ ಇನ್ನೊಂದು ವಿಚಿತ್ರ ಇದೆ. ಅದು ತುಂಬ್ತಾ ತುಂಬ್ತಾ ಕಡಿಮೆಯಾಗ್ತದೆ. ಹೂಳು. ಪ್ರತಿ ಮಳೆಗೂ ನೀರಿನ ಜೊತೆ ಒಂದಿಷ್ಟು ಮಣ್ಣು ಬಂದು ಕೂರ್ತದೆ. ಕೋಡಿ ಬಿದ್ದಾಗ ಕೆರೆ ತುಂಬಿತು ಅಂತ ಬಾಗಿನ ಕೊಡ್ತೀವಿ. ಹಿಂದೆ ತುಂಬಿದಷ್ಟು ನೀರು ಅದರಲ್ಲಿ ಇರೋದಿಲ್ಲ. ಮೇಲಿನ ನೀರಿನ ಮಟ್ಟ ಅದೇ, ಕೆಳಗೆ ಆಳ ಇಲ್ಲ. ಕಣ್ಣಿಗೆ ಕಾಣದೆ ಕಡಿಮೆಯಾಗೋದರಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹಿಂದೆ ಬೇಸಿಗೆಯಲ್ಲಿ ಹೂಳೆತ್ತಿ ಗಾಡಿ ಮೇಲೆ ಹೊಲಕ್ಕೆ ಹೊಡೀತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೋಡು.

ಕಿರಿಯಳು: ಸಂಸ್ಕೃತದಲ್ಲಿ ‘ಕ್ಷಯ’ ಅನ್ನೋದಕ್ಕೆ ಎರಡು ಅರ್ಥ ಇದೆ ದೊಡ್ಡಪ್ಪ. ಸವೆದು ಹೋಗೋದು ಒಂದು. ಮನೆ, ವಾಸದ ನೆಲೆ ಇನ್ನೊಂದು. ನಮಗೆ ಮೊದಲನೆಯದು ಮಾತ್ರ ಬಂತು: ಕ್ಷಯ ರೋಗ, ಕ್ಷಯ ತಿಥಿ, ಅಕ್ಷಯ ಪಾತ್ರೆ. ಈ ಊರಿನ ಹೆಸರು ನೋಡಿದರೆ ಆ ಎರಡೂ ಅರ್ಥ ಇಲ್ಲಿ ಜೊತೆಗೆ ಕೂತ ಹಾಗಿದೆ. ಬೀಡು ಅಂದರೆ ಅರಸನ ನೆಲೆ. ಹಳೆಯ ಬೀಡು. ನೆಲೆಯೂ ಇದೆ, ಅದು ಹೋದದ್ದೂ ಇದೆ.

ಹಿರಿಯರು: ಹೋದದ್ದು ಹೇಗೆ ಅಂತ ಮಾತ್ರ ಹೆಸರಿನಲ್ಲಿ ಇಲ್ಲ. ದೋರಸಮುದ್ರ ಕ್ಷೀಣಿಸಿತು ಅಂತ ಪುಸ್ತಕದಲ್ಲಿ ಓದಿದ್ದೀನಿ. ಚಂದ್ರ ಕ್ಷೀಣಿಸ್ತಾನೆ. ಊರು ಹಾಗೆ ಕ್ಷೀಣಿಸೋದಿಲ್ಲ.

ಕಿರಿಯಳು: 1311ರಲ್ಲಿ ದಿಲ್ಲಿಯಿಂದ ಮಲಿಕ್ ಕಾಫೂರನ ದಂಡು ಬಂತು, ಆಮೇಲೆ ತುಘಲಕ್ ಕಾಲದ ದಂಡು. ಹೊಯ್ಸಳ ಅರಸ ಮೂರನೇ ಬಲ್ಲಾಳ ತಿರುವಣ್ಣಾಮಲೈಯಲ್ಲಿ ಬೀಡು ಬಿಟ್ಟು, ಕಡೆಗೆ 1343ರ ಸುಮಾರಿಗೆ ಮಧುರೆಯ ಸುಲ್ತಾನರ ವಿರುದ್ಧದ ಕಾಳಗದಲ್ಲಿ ಹೋದ. ಸೂರೆ ಹೋದ ಊರು, ಅರಸ ಬಿಟ್ಟುಹೋದ ಊರು. ಕ್ಷೀಣಿಸಿತು ಅನ್ನೋ ಒಂದು ಮಾತು ಇಷ್ಟನ್ನೂ ನುಂಗಿಬಿಡುತ್ತೆ.

ಹಿರಿಯರು: ಅಂತರ್ಜಲ ಕುಸೀತು ಅನ್ನೋ ಹಾಗೇ.

ಕಿರಿಯಳು: ಹೌದು, ಹಾಗೇ. ಆದರೆ ಇಲ್ಲಿಯ ಭಾಷೆ ಅಷ್ಟು ಅಸಡ್ಡೆಯದಾಗಿರಲಿಲ್ಲ. ಹೊಯ್ಸಳರ ಕಾಲದಲ್ಲೇ, ಹದಿಮೂರನೇ ಶತಮಾನದಲ್ಲಿ, ಕೇಶಿರಾಜ ಶಬ್ದಮಣಿದರ್ಪಣ ಅನ್ನೋ ವ್ಯಾಕರಣ ಬರೆದ. ಕನ್ನಡದ ಧಾತುಗಳನ್ನೆಲ್ಲ ಕೂಡಿಹಾಕಿ, ಒಂದೊಂದಕ್ಕೂ ಅರ್ಥ ಹೇಳಿ ಒಂದು ಪಟ್ಟಿಯನ್ನೇ ಕೊಟ್ಟ. ಈಗ ನಾವು ಅನ್ನೋ ‘ಹೆಚ್ಚು’ ಹಳಗನ್ನಡದಲ್ಲಿ ‘ಪೆರ್ಚು’. ‘ಕುಗ್ಗು’ ಅನ್ನೋದು ‘ಕುರ್ಗು’. ಪೆರ್ ಅಂದರೆ ಹಿರಿದು, ಕುರು ಅಂದರೆ ಕಿರಿದು. ಜನರ ನಾಲಗೆಯ ಮೇಲೆ ಆ ರಕಾರಗಳು ಹೋದವು, ಮಾತಿನ ಜೀವ ಹೋಗಲಿಲ್ಲ. ಕಾಲ ಕಳೆದ ಹಾಗೆ ಮಾತೂ ತೂಕ ಇಳಿಸಿಕೊಳ್ಳುತ್ತೆ.

ಹಿರಿಯರು: ಕುಗ್ಗು ಒಳ್ಳೆಯ ಮಾತು. ಹತ್ತಿ ಬಟ್ಟೆ ನೀರಿಗೆ ಕುಗ್ಗಿತು ಅಂದರೆ ನೂಲು ಒಂದೂ ಹೋಗಿಲ್ಲ. ಇದ್ದದ್ದೆಲ್ಲ ಇದೆ, ಹರವು ಇಲ್ಲ. ಮನುಷ್ಯ ಕುಗ್ಗಿದ ಅಂದರೂ ಅದೇ. ಒಳಗೆ ಎಲ್ಲ ಇದೆ. ಅದಕ್ಕೇ ಕುಗ್ಗಿದವನು ಹಿಗ್ಗಬಲ್ಲ. ಕುಂದು ಬೇರೆ. ಕುಂದು ಅಂದರೆ ಒಂದು ಗುಣ ಹೋಗಿದೆ ಇಲ್ಲವೇ ಮೊದಲೇ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕುಂದುಕೊರತೆ ಸಭೆ ಅಂತ ಕರೀತಾರಲ್ಲ, ಅದನ್ನ ತುಂಬಿಸಿಕೊಡೋರು ಬೇಕು. ಸಾಲ ಆಗಿ ಕುಗ್ಗಿದ ರೈತನಿಗೆ ಕುಂದು ಇದೆ ಅಂತ ನೋಡೋದು ತಪ್ಪು. ಅವನಿಗೆ ಬೇಕಾದ್ದು ಹರವು.

ಕಿರಿಯಳು: ಬಸ್ತಿಹಳ್ಳಿಯ ಬಸದಿ ಒಳಗೆ ಒಂದು ಗಳಿಗೆ ಹೋಗಿ ಬರೋಣವೇ? 1133ರ ಪಾರ್ಶ್ವನಾಥ ಬಸದಿ. ಆ ಕಂಬಗಳಲ್ಲಿ ನಮ್ಮ ನೆರಳು ಕಾಣುತ್ತೆ.

ಹಿರಿಯರು: ಕಾಣ್ತದೆ. ಉಜ್ಜಿ ಉಜ್ಜಿ ಕಲ್ಲಿನ ಒರಟೆಲ್ಲ ಹೋದ ಮೇಲೆ ಬಂದ ಹೊಳಪು ಅದು. ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪವೂ ಆ ಜಾತಿಯದೇ. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗ್ತಾ ಬರ್ತದೆ. ಮೆದುವಾಗಿದ್ದಾಗ ಕಳೆದದ್ದೇ ಕೆತ್ತನೆ.

ಕಿರಿಯಳು: ಹೊಯ್ಸಳೇಶ್ವರನ ಗುಡಿಯಲ್ಲಿ ವಿಗ್ರಹಗಳ ಹಾರದ ಮಣಿ ಮಣಿಗೂ ಹಿಂದೆ ಟೊಳ್ಳು ಬಿಡಿಸಿ, ಬೆಳಕು ಆಚೆ ಹೋಗೋ ಹಾಗೆ ಮಾಡಿದ್ದಾರೆ. ಅದಕ್ಕೆ ನಾವು ‘ಸಣ್ಣ ಕೆಲಸ’ ಅಂತೀವಿ. ಸಣ್ಣ ಅಂದರೆ ಅಲ್ಲಿ ಮೆಚ್ಚುಗೆ. ಸಣ್ಣಕ್ಕಿ, ಸಣ್ಣ ರವೆ, ಸಣ್ಣ ನೇಯ್ಗೆ. ಕಂದಾಯ ಇಲಾಖೆಯ ಸಣ್ಣ ಹಿಡುವಳಿದಾರ ಮಾತ್ರ ಬೇರೆ. 2 ಹೆಕ್ಟೇರಿಗಿಂತ ಕಡಿಮೆ ಇದ್ದವನು ಸಣ್ಣ, 1 ಹೆಕ್ಟೇರಿಗಿಂತ ಕಡಿಮೆ ಇದ್ದವನು ಅತಿಸಣ್ಣ.

ಹಿರಿಯರು: ಅದು ಪಾಲಿನಿಂದ ಆದದ್ದು. ನಮ್ಮಪ್ಪನ ತೋಟ ನಾಲ್ಕು ಪಾಲಾಯ್ತು. ಅದನ್ನ ಕಡಿಮೆಯಾಯ್ತು ಅಂತ ಯಾರೂ ಅನ್ನಲಿಲ್ಲ, ಪಾಲಾಯ್ತು ಅಂದರು. ನೆಲ ಎಲ್ಲೂ ಹೋಗಿಲ್ಲ, ಬೇಲಿ ಹೆಚ್ಚಾದವು. ನಡಿ, ಬೇಲೂರಿಗೆ ಹೊತ್ತಾಗ್ತದೆ.

ಕಿರಿಯಳು: ಬೇಲೂರಿನಲ್ಲಿ ನನಗೆ ಕೇಶವನ ಗುಡಿಯ ನೆತ್ತಿಯ ಮೇಲೆಯೇ ಕಣ್ಣು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ಬಳ್ಳಿಗಾವಿಯಿಂದ ದಾಸೋಜ, ಅವನ ಮಗ ಚಾವಣ ಬಂದು ಕೆತ್ತಿ, ವಿಗ್ರಹಗಳ ಕೆಳಗೆ ತಮ್ಮ ಹೆಸರು ಹಾಕಿದರು. 2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು. ನೋಡಲು ಬರೋರು ಗೋಡೆಯ ಮದನಿಕೆಯರನ್ನ ನೋಡ್ತಾರೆ, ಮೇಲೆ ಗೋಪುರ ಇಲ್ಲದ್ದನ್ನ ಗಮನಿಸೋರು ಕಡಿಮೆ.

ಹಿರಿಯರು: ದಂಡು ಬಂದು ಕೆಡವಿತು ಅಂತ ನಮ್ಮ ಕಡೆ ಎಷ್ಟೋ ಜನ ಹೇಳ್ತಾರೆ.

ಕಿರಿಯಳು: ಈ ಗೋಪುರದ ಕಥೆ ಬೇರೆ. ಇಟ್ಟಿಗೆ ಗಾರೆಯದು, ಮರದ ಕೆಲಸ, ಮೇಲೆ ಚಿನ್ನದ ಮುಲಾಮಿನ ತಾಮ್ರದ ತಗಡು. ಶತಮಾನಗಳಲ್ಲಿ ಶಿಥಿಲವಾಗ್ತಾ ಬಂತು. ಅದರ ಭಾರ ಕೆಳಗಿನ ಗರ್ಭಗುಡಿಗೇ ಅಪಾಯ ಅಂತ ಆದಾಗ, 1879ರಲ್ಲಿ ಅದನ್ನ ಕಳಚಿ ಇಳಿಸಿದರು. ಗರ್ಭಗುಡಿ ಉಳೀತು. ಇವತ್ತಿಗೂ ಅಲ್ಲಿ ನಿತ್ಯ ಪೂಜೆ ನಡೀತಿದೆ.

ಹಿರಿಯರು: ಇಳಿಸಿದರು ಅಂದೆಯಲ್ಲ, ಆ ಮಾತು ಹಿಡಿ. ಇಳೀತು ಅನ್ನೋದು ಒಂದು, ಇಳಿಸಿದರು ಅನ್ನೋದು ಇನ್ನೊಂದು. ಬತ್ತಿತು, ಬತ್ತಿಸಿದರು. ಕುಗ್ಗಿತು, ಕುಗ್ಗಿಸಿದರು. ಸವೀತು, ಸವೆಸಿದರು. ಕನ್ನಡದಲ್ಲಿ ಇದಕ್ಕೆ ಒಂದೇ ಒಂದು ‘ಇಸು’ ಸಾಕು. ಗೋಪುರ ಹೋಯ್ತು ಅಂತ ಮಾತ್ರ ಬರೆದರೆ ಗುಡಿ ಉಳಿಸಿದವರಿಗೆ ಅನ್ಯಾಯ. ಕೆರೆ ಬತ್ತಿತು ಅಂತ ಮಾತ್ರ ಬರೆದರೆ ಒತ್ತುವರಿ ಮಾಡಿದವನು ತಪ್ಪಿಸಿಕೊಳ್ತಾನೆ. ಮಳೆ ಬರದೆ ಬತ್ತಿದ್ದಕ್ಕೆ ಬತ್ತಿತು ಅನ್ನಲಿ. ರಾಜಕಾಲುವೆ ಮುಚ್ಚಿ, ಕೆರೆಯಂಗಳದಲ್ಲಿ ಕೊರೆದು ಬತ್ತಿಸಿದ್ದಕ್ಕೆ ಬತ್ತಿಸಿದರು ಅಂತಲೇ ಬರೀಬೇಕು.

ಕಿರಿಯಳು: ಶಾಲೆಯ ಪದಕೋಶದಲ್ಲಿ ಇದನ್ನ ಹೇಗೆ ತರೋದು?

ಹಿರಿಯರು: ಸುಲಭ. ಒಂದೊಂದು ಮಾತಿನ ಪಕ್ಕ ಎರಡು ಸಾಲು ಖಾಲಿ ಬಿಡು. ಯಾವುದಕ್ಕೆ ಈ ಮಾತು ಅನ್ನೋದು ಒಂದು ಸಾಲು. ‘ಇಸು’ ಹಚ್ಚಿದರೆ ಯಾರ ಹೆಸರು ಬರ್ತದೆ ಅನ್ನೋದು ಇನ್ನೊಂದು. ನಿಘಂಟು ನೋಡಿ ತುಂಬಿಸೋದು ಬೇಡ. ಮನೆಯಲ್ಲಿ, ಕೊಬ್ಬರಿ ಮಂಡಿಯಲ್ಲಿ, ಕೆರೆ ಏರಿಯ ಮೇಲೆ ಕೂತೋರನ್ನ ಕೇಳಿ ಬರೆದುಕೊಂಡು ಬರಲಿ. ಮಕ್ಕಳನ್ನ ಈ ದಸರಾ ರಜೆಯಲ್ಲೇ ಕಳಿಸು ಮಗಳೇ. ಆ ಮಾತುಗಳನ್ನ ಸರಿಯಾಗಿ ಆಡೋರು ಈಗ ಎಲ್ಲರೂ ಎಪ್ಪತ್ತು ದಾಟಿದವರೇ.